ಜೋಡಿ ಒಗಟು: ಎರಡೂ ಉತ್ತರ ಸಿಕ್ಕರೂ ಒಳಗಿನ ಪದ ಏಕೆ ಸಿಗುವುದಿಲ್ಲ?

ಪ್ರಶ್ನೆ: ಜೋಡಿ ಒಗಟಿನ ಎರಡು ಸುಳಿವುಗಳಿಗೂ ಉತ್ತರ ಹೊಳೆಯುತ್ತದೆ. ಆದರೆ ಎರಡರಲ್ಲೂ ಅಡಗಿರುವ ಒಂದೇ ಪದವನ್ನು ಹುಡುಕುವಾಗ ಸೋಲುತ್ತೇನೆ. ಅಕ್ಷರಗಳನ್ನು ಎಷ್ಟು ತಾಳೆ ನೋಡಿದರೂ ಸಿಗುವುದಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಉತ್ತರಗಳನ್ನು ಗಟ್ಟಿಯಾಗಿ, ನಿಧಾನವಾಗಿ ಹೇಳಿಕೊಳ್ಳಿ. ಕನ್ನಡದ ಪದಗಳು ಕೂಡಿಕೊಳ್ಳುವಾಗ ಅಕ್ಷರದ ರೂಪವೇ ಬದಲಾಗುತ್ತದೆ. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗುತ್ತದೆ.

ನಿಮ್ಮ ಊರಿನದೇ ಒಂದು ಜೋಡಿ ಕಟ್ಟುತ್ತೇನೆ: ‘ಮಿರ್ಚಿಯ ಮೆಚ್ಚಿನ ಮಿತ್ರ’ ಮತ್ತು ‘ತವರಲ್ಲಿ ತಾಯಿ ತುಂಬುವುದು’. ಮೊದಲನೆಯದು ಮಂಡಕ್ಕಿ ಎಂದು ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಎರಡನೆಯದು ಮಡಿಲಕ್ಕಿ. ಕೊನೆಯ ಅಕ್ಷರಗಳನ್ನು ತಾಳೆ ನೋಡಿದರೆ ‘ಕ್ಕಿ’ ಒಂದೇ ಸಿಗುತ್ತದೆ. ಹೇಳಿ ನೋಡಿದರೆ ಅಕ್ಕಿ ಕೇಳಿಸುತ್ತದೆ! ಮಡಿಲು, ಅಕ್ಕಿ ಸೇರುವಾಗ ಲೋಪಸಂಧಿಯಾಗಿ ‘ಉ’ ಬಿದ್ದುಹೋಯಿತು. ‘ಅ’ ಹಿಂದಿನ ವ್ಯಂಜನವನ್ನು ಸೇರಿ ‘ಲ’ ಆಯಿತು. ಸ್ವರದಿಂದ ಆರಂಭವಾಗುವ ಪದಗಳು ಹೀಗೆಯೇ ಅವಿತುಕೊಳ್ಳುತ್ತವೆ. ಜಗಳೂರು, ಹಿರಿಯೂರುಗಳಲ್ಲಿ ‘ಊ’ ಕಾಣಿಸದಿದ್ದರೂ ಊರು ಇದೆ. ಆದ್ದರಿಂದ ಉತ್ತರದ ಕೊನೆಯಿಂದ ಹಿಂದಕ್ಕೆ ಬನ್ನಿ. ಒಂದೊಂದು ವ್ಯಂಜನವನ್ನೂ ಬಿಟ್ಟು, ಅದರೊಳಗಿನ ಸ್ವರದಿಂದ ಉಚ್ಚರಿಸಿ ನೋಡಿ.

ಇನ್ನೊಂದು ಜೋಡಿ: ‘ಬೆಣ್ಣೆದೋಸೆಯ ಬೀಡು’, ‘ಬಯಲು ಬೆನಕನ ಬೀಡು’. ಇಲ್ಲಿ ಪ್ರಾಸದ ವಿಚಾರ ಹೇಳಲೇಬೇಕು. ಸುಳಿವೆಲ್ಲ ‘ಬ’ಕಾರವಾದ್ದರಿಂದ ಉತ್ತರವೂ ‘ಬ’ದಿಂದಲೇ ಆರಂಭವಾಗುತ್ತದೆ ಎಂದು ಅನೇಕರು ಹುಡುಕುತ್ತಾರೆ. ಹಾಗೇನಿಲ್ಲ. ಪ್ರಾಸ ಸುಳಿವಿನ ಅಲಂಕಾರ. ಅದರಿಂದ ಬೇರೊಂದು ಉಪಯೋಗವಿದೆ: ಸುಳಿವಿನಲ್ಲಿ ಅಪರೂಪದ ಪದ ಕಂಡರೆ ಅದು ಪ್ರಾಸಕ್ಕಾಗಿ ಬಂದದ್ದು ಎಂದು ತಿಳಿಯಿರಿ. ‘ಬೆನಕ’ನ ಜಾಗದಲ್ಲಿ ದಿನಬಳಕೆಯ ‘ಗಣಪತಿ’ಯನ್ನು ಕೂರಿಸಿದರೆ ಬಯಲು ಗಣಪತಿಯ ಹೊಳಲ್ಕೆರೆ ತಕ್ಷಣ ಹೊಳೆಯುತ್ತದೆ. ಮೊದಲನೆಯದು ದಾವಣಗೆರೆ.

ಇವೆರಡರಲ್ಲಿ ಅಡಗಿರುವುದು ಕೆರೆ. ಒಂದು ಕಡೆ ‘ಕ’ ಹಾಗೆಯೇ ಉಳಿದಿದೆ, ಇನ್ನೊಂದು ಕಡೆ ‘ಗ’ ಆಗಿದೆ. ಎರಡನೆಯ ಪದದ ಮೊದಲಿನ ಕ, ತ, ಪ ಗಳು ಗ, ದ, ಬ ಆಗುವುದನ್ನು ಶಾಲೆಯಲ್ಲಿ ಆದೇಶಸಂಧಿ ಎಂದು ಓದಿದ್ದೇವೆ. ಒಗಟು ಬಿಡಿಸುವವರು ಆ ಪಾಠವನ್ನು ತಿರುಗಿಸಿ ಬಳಸಬೇಕು. ಕಿವಿಗೆ ‘ಎರೆ’ ಎಂದೂ ಕೇಳಿಸಬಹುದು, ಅದೂ ಪದವೇ. ಆದರೆ ಹೊಳಲ್ ಎಂದರೆ ಪಟ್ಟಣ. ಹೊಳಲ್, ಕೆರೆ ಎಂದು ಬಿಡಿಸಿದಾಗಲೇ ಎರಡು ತುಂಡುಗಳಿಗೂ ಅರ್ಥವಿರುತ್ತದೆ. ಈ ಪರೀಕ್ಷೆಯನ್ನು ಯಾವಾಗಲೂ ಮಾಡಿ.

ನನಗೆ ಬಹಳ ಪ್ರಿಯವಾದ ಜೋಡಿ ‘ನೊಂದ ನೋಟದ ನೀರು’, ‘ಮಾಗಿಯ ಮುಂಜಾವಿನ ಮುತ್ತು’. ಉತ್ತರ ಕಂಬನಿ, ಇಬ್ಬನಿ. ಅಡಗಿರುವ ಪದ ಹನಿ. ‘ಬನಿ’ಯ ‘ಬ’ವನ್ನು ‘ಪ’ ಮಾಡಿದರೆ ಹಳಗನ್ನಡದ ‘ಪನಿ’, ಅದೇ ಇಂದಿನ ‘ಹನಿ’. ಎರಡು ಮೆಟ್ಟಿಲು ಇಳಿಯಬೇಕಾದ ಇಂಥ ಒಗಟು ಕೊಡುವವರು ಹಳೆಯ ರೂಪದ ಸೂಚನೆಯನ್ನಾದರೂ ಸೇರಿಸಬೇಕು. ಸೇರಿಸದಿದ್ದರೆ ‘ಬನಿ’ ಎಂದು ಬರೆದವರಿಗೂ ಪೂರ್ತಿ ಅಂಕ ಸಲ್ಲಬೇಕು.