ಆಪರೇಷನ್ ಆಯ್ತು, ಕಿಡ್ನಿ ಊತ ಯಾಕಿನ್ನೂ ಇಳಿದಿಲ್ಲ?

ಆಪರೇಷನ್ ಆಗಿ ಮೂರು ತಿಂಗಳು. ಮಗು ಹಾಲು ಕುಡಿಯುತ್ತಿದೆ, ಜ್ವರ ಇಲ್ಲ. ಅಮ್ಮ ಸ್ಕ್ಯಾನಿಂಗ್ ರಿಪೋರ್ಟ್ ಬಿಚ್ಚಿ ನೋಡುತ್ತಾರೆ. ಮುಂಚೆ ಊತದ ಅಳತೆ 28 ಮಿಲಿಮೀಟರ್ ಇದ್ದದ್ದು ಈಗ 22. ಕೆಳಗೆ ಮತ್ತೆ ಅದೇ ಪದ, ಹೈಡ್ರೋನೆಫ್ರೋಸಿಸ್, ಅಂದರೆ ಮೂತ್ರ ತುಂಬಿ ಕಿಡ್ನಿ ಊದಿಕೊಳ್ಳುವುದು. ಎದೆ ಧಸಕ್ಕೆನ್ನುತ್ತದೆ. ಇಷ್ಟೆಲ್ಲ ಮಾಡಿಸಿದ್ದು ಸುಮ್ನೆ ಆಯ್ತಾ?

ಇಲ್ಲ. ಕಿಡ್ನಿಯಲ್ಲಿ ತಯಾರಾದ ಮೂತ್ರ ಮೊದಲು ಆಲಿಕೆಯಂಥ ಒಂದು ಚೀಲಕ್ಕೆ ಬಂದು, ಅಲ್ಲಿಂದ ಸಣ್ಣ ನಾಳದಲ್ಲಿ ಕೆಳಗಿಳಿಯುತ್ತದೆ. ಕೆಲವು ಮಕ್ಕಳಿಗೆ ಇವೆರಡೂ ಕೂಡುವ ಜಾಗ ಹುಟ್ಟಿನಿಂದಲೇ ಕಿರಿದು, ಮೂತ್ರ ಸಲೀಸಾಗಿ ಇಳಿಯದೆ ಚೀಲ ಉಬ್ಬುತ್ತದೆ. ಗಂಡುಮಕ್ಕಳಲ್ಲಿ ಜಾಸ್ತಿ, ಅದರಲ್ಲೂ ಎಡಗಡೆ. ಬಹಳ ಮಕ್ಕಳಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಕಿಡ್ನಿಯ ಕೆಲಸ ಕುಗ್ಗಿದರೆ, ಊತ ಏರುತ್ತಲೇ ಹೋದರೆ ಪೈಲೋಪ್ಲಾಸ್ಟಿ ಮಾಡುತ್ತಾರೆ. ಕಿರಿದಾದ ತುಂಡನ್ನು ಕತ್ತರಿಸಿ ತೆಗೆದು, ನಾಳದ ಬಾಯಿ ಅಗಲ ಮಾಡಿ ಚೀಲಕ್ಕೆ ಹೊಲಿಯುತ್ತಾರೆ. ಆಂಡರ್ಸನ್ ಮತ್ತು ಹೈನ್ಸ್ ಎಂಬ ಸರ್ಜನ್ನರು 1949ರಲ್ಲಿ ವಿವರಿಸಿದ ವಿಧಾನವೇ ಇವತ್ತಿಗೂ ಆಧಾರ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಇದು ಫಲ ಕೊಡುತ್ತದೆ.

ಆದರೆ ಆ ಚೀಲ ತಿಂಗಳುಗಟ್ಟಲೆ ಉಬ್ಬಿಕೊಂಡೇ ಇತ್ತು, ಅಲ್ವಾ? ಎಳೆದು ಎಳೆದು ಸಡಿಲವಾದ ಚಡ್ಡಿಯ ಎಲಾಸ್ಟಿಕ್ ನೆನಪಿಸಿಕೊಳ್ಳಿ. ಕೈ ಬಿಟ್ಟರೂ ಮೊದಲಿನ ಅಳತೆಗೆ ಬರುವುದಿಲ್ಲ. ಇಲ್ಲೂ ತಡೆ ಹೋಗಿದೆ, ಮೂತ್ರ ಹರಿಯುತ್ತಿದೆ, ಚೀಲ ಮಾತ್ರ ದೊಡ್ಡದಾಗಿ ಕಾಣುತ್ತದೆ. ಆಪರೇಷನ್ ವೇಳೆ ಮೂತ್ರ ಹರಿಯಲೆಂದು ಒಳಗಿಟ್ಟ ಸ್ಟೆಂಟ್ ಎಂಬ ಸಣ್ಣ ಕೊಳವೆ ತೆಗೆದ ಹೊಸದರಲ್ಲಿ ಊತ ಇದ್ದಷ್ಟೇ ಇರಬಹುದು, ಕೊಂಚ ಹೆಚ್ಚೂ ಆಗಬಹುದು. ಆಮೇಲೆ ಒಂದೆರಡು ವರ್ಷ ನಿಧಾನವಾಗಿ ಇಳಿಯುತ್ತದೆ. ಕೆಲವರಲ್ಲಿ ಪೂರ್ತಿ ಇಳಿಯುವುದೇ ಇಲ್ಲ. ಆದರೂ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ಆಪರೇಷನ್ನಿಗೆ ಮುಂಚೆಯೇ ಇದನ್ನು ಅಪ್ಪ ಅಮ್ಮನಿಗೆ ಬಿಡಿಸಿ ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾದರೆ ದಾರಿ ತೆರೆದಿದೆ ಅಂತ ಗೊತ್ತಾಗುವುದು ಹೇಗೆ? ಅನುಮಾನ ಬಂದರೆ ರೀನಲ್ ಸ್ಕ್ಯಾನ್ ಇದೆ. ಮಗುವಿನ ಕೈಯ ರಕ್ತನಾಳಕ್ಕೆ ಚೂರೇ ಚೂರು ವಿಕಿರಣ ಇರುವ ಔಷಧ ಚುಚ್ಚಿ, ಕ್ಯಾಮೆರಾ ಕೆಳಗೆ ಮಲಗಿಸುತ್ತಾರೆ. ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಚುಚ್ಚುತ್ತಾರೆ. ಕಿಡ್ನಿಯಲ್ಲಿ ಆ ವಿಕಿರಣದ ಔಷಧ ಎಷ್ಟಿದೆ ಎಂದು ತೋರಿಸುವ ಪರದೆಯ ಮೇಲಿನ ಗೆರೆ ಮೊದಲು ಏರುತ್ತದೆ. ಆಮೇಲೆ ಸರಸರನೆ ಇಳಿದರೆ ಮೂತ್ರ ಸಲೀಸಾಗಿ ಹರಿಯುತ್ತಿದೆ ಎಂದರ್ಥ.

ಜ್ವರ, ಪಕ್ಕೆನೋವು, ವಾಂತಿ ಬಂದರೆ, ಅಥವಾ ಒಂದಾದ ಮೇಲೊಂದು ಸ್ಕ್ಯಾನಿಂಗಿನಲ್ಲಿ ಅಳತೆ ಏರುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಮೂತ್ರಕೋಶ ತುಂಬಿದ್ದಾಗ ಊತ ಜಾಸ್ತಿ ಕಾಣುತ್ತದೆ. ಹಾಗಾಗಿ ಮಗು ಮೂತ್ರ ಮಾಡಿದ ಮೇಲೂ ಒಮ್ಮೆ ಅಳೆಯಲು ಕೇಳಿ. ಹಳೇ ರಿಪೋರ್ಟುಗಳನ್ನೂ ಜೊತೆಗೆ ಒಯ್ಯಿರಿ. 28ರ ಪಕ್ಕದಲ್ಲಿಟ್ಟು ನೋಡಿದರೆ 22 ಒಳ್ಳೆಯ ಸುದ್ದಿಯೇ.