ನದಿಗೆಷ್ಟು ಬಿಡಬೇಕು, ಮನೆಗೆಷ್ಟು ಒಯ್ಯಬೇಕು

ಅಮೆರಿಕದ ಅಲಾಸ್ಕಾ ರಾಜ್ಯದ ನೈಋತ್ಯ ಮೂಲೆಯಲ್ಲಿ ಕನೆಕ್ಟಾಕ್ ಅಂತ ಒಂದು ನದಿ ಇದೆ. ಅಲ್ಲಿನ ಮೂಲನಿವಾಸಿಗಳಾದ ಯೂಪಿಕ್ ಜನರ ಕ್ವಿನ್‌ಹಗಾಕ್ ಅನ್ನುವ ಊರಿನ ಪಕ್ಕದಲ್ಲೇ ಅದು ಸಮುದ್ರ ಸೇರುತ್ತದೆ. ಹೊರಗಿನಿಂದ ಅಲ್ಲಿಗೆ ರಸ್ತೆ ಇಲ್ಲ, ಸಣ್ಣ ವಿಮಾನದಲ್ಲಿ ಹೋಗಬೇಕು. ಬೇಸಿಗೆ ಬಂತೆಂದರೆ ದೂರದೂರದಿಂದ ಗಾಳ ಹಾಕುವ ಹವ್ಯಾಸಿಗಳು ಬಂದಿಳಿಯುತ್ತಾರೆ. ಮೊಟ್ಟೆ ಇಡಲು ಕಡಲಿನಿಂದ ನದಿಗೆ ಏರಿಬರುವ ಸಾಲ್ಮನ್ ಮೀನು ದೊಡ್ಡದೊಂದು ಸಿಕ್ಕಿದರೆ ಅದರ ಜೊತೆ ಜಗ್ಗಾಡಿ, ಫೋಟೊ ತೆಗೆದು, ಜೋಪಾನವಾಗಿ ನೀರಿಗೆ ಬಿಡುತ್ತಾರೆ. ಮೀನು ಉಳಿಯಿತು, ತಮ್ಮ ಖುಷಿಯೂ ತೀರಿತು ಅಂತ ಸಮಾಧಾನದಿಂದ ವಾಪಸ್ ಹೋಗುತ್ತಾರೆ.

ಊರಿನ ಹಿರಿಯರಿಗೆ ಇದನ್ನು ನೋಡಿದರೆ ಸಂಕಟ. ಮೀನು ತಾನಾಗಿ ಬಂದು ತನ್ನನ್ನು ಮನುಷ್ಯನಿಗೆ ಕೊಟ್ಟುಕೊಳ್ಳುತ್ತದೆ ಅನ್ನುವುದು ಯೂಪಿಕ್ ಜನರ ನಂಬಿಕೆ. ಬಂದದ್ದನ್ನು ತೆಗೆದುಕೊಳ್ಳಬೇಕು, ಹಂಚಿ ತಿನ್ನಬೇಕು, ಒಂದು ಚೂರೂ ಹಾಳುಮಾಡಬಾರದು. ಬಾಯಿಗೆ ಮುಳ್ಳು ಚುಚ್ಚಿ, ಸುಸ್ತು ಮಾಡಿ, ಆಮೇಲೆ 'ನೀನು ಬೇಡ, ಹೋಗು' ಅಂದರೆ ಅದು ಅವಮಾನ. ಅವಮಾನವಾದ ಮೀನು ಮತ್ತೆ ಆ ನದಿಗೆ ಬರುವುದಿಲ್ಲ ಅನ್ನುತ್ತಾರೆ. ಅನ್ನದ ಜೊತೆ ಆಟ ಆಡಬಾರದು ಅಂತ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಮಾತು.

ಇಲ್ಲಿ ವಿಜ್ಞಾನ ಯಾರ ಕಡೆ? ನಾನು ಮೊದಲು ಸುಲಭವಾಗಿ ಹವ್ಯಾಸಿಗಳ ಕಡೆ ಅಂದುಕೊಂಡಿದ್ದೆ. ಲೆಕ್ಕ ನೋಡಿದರೆ ಅಷ್ಟು ಸುಲಭ ಅಲ್ಲ.

ಅಲಾಸ್ಕಾದ್ದೇ ಕೀನಾಯ್ ನದಿಯಲ್ಲಿ 1989ರಿಂದ 1991ರವರೆಗೆ ಒಂದು ಅಧ್ಯಯನ ನಡೆಯಿತು. ಗಾಳಕ್ಕೆ ಸಿಕ್ಕ ಚಿನೂಕ್ ಸಾಲ್ಮನ್‌ಗಳಿಗೆ ಪುಟ್ಟ ರೇಡಿಯೊ ಕಟ್ಟಿ ಬಿಟ್ಟರು. ಸರಾಸರಿ ನೂರರಲ್ಲಿ ಏಳೆಂಟು ಮೀನು ಸತ್ತವು. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಲಿಟಲ್ ಸುಸಿಟ್ನಾ ನದಿಯಲ್ಲಿ ಕೋಹೊ ಅನ್ನುವ ಇನ್ನೊಂದು ಜಾತಿಯ ಸಾಲ್ಮನ್ ಮೇಲೆ ಇಂಥದೇ ಪರೀಕ್ಷೆ ಮಾಡಿದಾಗ ಬೇರೆಯೇ ಕಥೆ ಹೊರಬಂತು. ನದಿಯ ಮೇಲ್ಭಾಗದಲ್ಲಿ ಹಿಡಿದುಬಿಟ್ಟವುಗಳಲ್ಲಿ ಸತ್ತದ್ದು ನೂರಕ್ಕೆ 12. ಅಳಿವೆಯಲ್ಲಿ, ಅಂದರೆ ನದಿ ಕಡಲಿಗೆ ಸೇರುವ ಕಡೆ ಹಿಡಿದುಬಿಟ್ಟವುಗಳಲ್ಲಿ ನೂರಕ್ಕೆ 69!

ಒಂದೇ ನದಿ, ಒಂದೇ ಜಾತಿ. ವ್ಯತ್ಯಾಸಕ್ಕೆ ಕಾರಣ ಮೀನಿನ ಮೈಯೊಳಗಿದೆ. ಕಡಲಲ್ಲಿ ಇರುವಾಗ ಸಾಲ್ಮನ್ ಉಪ್ಪುನೀರು ಕುಡಿಯುತ್ತದೆ, ಜಾಸ್ತಿಯಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಸಿಹಿನೀರಿಗೆ ಬಂದರೆ ಪೂರಾ ಉಲ್ಟಾ. ಇದ್ದ ಉಪ್ಪನ್ನು ಹಿಡಿದಿಟ್ಟುಕೊಳ್ಳಬೇಕು, ಮೈಯೊಳಗೆ ನುಗ್ಗುವ ನೀರನ್ನು ಹೊರಹಾಕುತ್ತಲೇ ಇರಬೇಕು. ಈ ಬದಲಾವಣೆ ನಡೆಯುವ ಜಾಗವೇ ಅಳಿವೆ. ಆಗ ಮೀನಿನ ಹುರುಪೆ ಇನ್ನೂ ಸಡಿಲ, ಕೈ ತಾಗಿದರೆ ಉದುರುತ್ತದೆ. ಹುರುಪೆ ಹೋದ ಕಡೆ ಉಪ್ಪು ನೀರಿನ ಲೆಕ್ಕವೂ ತಪ್ಪುತ್ತದೆ, ಸೋಂಕಿಗೂ ದಾರಿಯಾಗುತ್ತದೆ. ಅದೂ ಅಲ್ಲದೆ ಅಳಿವೆಯ ಕೋಹೊಗೆ ಇನ್ನೂ ಹಸಿವು ಇರುತ್ತದೆ, ಎರೆಯನ್ನು ಆಳಕ್ಕೆ ನುಂಗುತ್ತದೆ. ಗಾಳ ತುಟಿಗೆ ಬೀಳುವ ಬದಲು ಕಿವಿರಿಗೆ, ಗಂಟಲಿಗೆ ಬೀಳುತ್ತದೆ. ಬಿಟ್ಟ ಗಳಿಗೆಯಲ್ಲಿ ಅದು ಈಜಿಕೊಂಡೇ ಹೋಗುತ್ತದೆ. ಬಿಟ್ಟವನು ಖುಷಿಯಿಂದ ದೋಣಿ ತಿರುಗಿಸುತ್ತಾನೆ. ಸಾಯುವುದು ಆಮೇಲೆ, ಯಾರೂ ನೋಡದ ಕಡೆ.

ಹಾಗಂತ ಹಿಡಿದುಬಿಡುವುದೇ ತಪ್ಪು ಅನ್ನಲಾರೆ. ಉತ್ತರದ ಸರೋವರಗಳ ಲೇಕ್ ಟ್ರೌಟ್ ಬಹಳ ನಿಧಾನ ಬೆಳೆಯುವ ಮೀನು. ಅದು ಮೊದಲ ಸಲ ಮೊಟ್ಟೆ ಇಡುವಷ್ಟು ದೊಡ್ಡದಾಗಲು ಹತ್ತು ವರ್ಷಕ್ಕೂ ಜಾಸ್ತಿ ಬೇಕಾಗಬಹುದು. ಅಂಥ ಕಡೆ ಪ್ರತಿಯೊಬ್ಬ ಹವ್ಯಾಸಿಯೂ ಒಂದೊಂದು ಒಯ್ದರೆ ಸರೋವರ ಬೇಗ ಖಾಲಿ. ಮುಳ್ಳಿಗೆ ಹಿಮ್ಮುಳ್ಳು ಇಲ್ಲದ ಒಂಟಿ ಗಾಳ, ಎರೆ ಬೇಡ ಅನ್ನುವ ನಿಯಮ, ಮೀನನ್ನು ನೀರಿನಿಂದ ಮೇಲೆತ್ತದೆ ಬಿಡಿಸುವುದು, ಇವೆಲ್ಲ ನಿಜಕ್ಕೂ ಮೀನು ಉಳಿಸುತ್ತವೆ. ಎಲ್ಲಿ, ಯಾವಾಗ, ಯಾವ ಜಾತಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹಿರಿಯರ 'ಆಟ ಆಡಬೇಡಿ' ಅನ್ನುವ ಮಾತಿನಲ್ಲಿ ಮೀನಿನ ಮೈಯ ಬಗ್ಗೆಯೂ ಒಂದು ತಿಳಿವಳಿಕೆ ಇದೆ ಅಂತ ನನಗೀಗ ಅನ್ನಿಸುತ್ತದೆ.

ಈ ದೂರದ ನೀರುಗಳನ್ನು ನೋಡಿಕೊಳ್ಳುವವರ ನಿಜವಾದ ತಲೆನೋವು ಇನ್ನೊಂದು. ಕಾಣದ ಮೀನನ್ನು ಎಣಿಸುವುದು ಹೇಗೆ?

ಯೂಕಾನ್ ನದಿಯನ್ನೇ ನೋಡಿ. ಕೆನಡಾದಲ್ಲಿ ಹುಟ್ಟಿ, ಅಲಾಸ್ಕಾವನ್ನು ಅಡ್ಡಡ್ಡ ಸೀಳಿಕೊಂಡು, ಸುಮಾರು 3,200 ಕಿ.ಮೀ. ಹರಿದು ಬೇರಿಂಗ್ ಸಮುದ್ರ ಸೇರುತ್ತದೆ. ಹಿಮನದಿಗಳು ಅರೆದ ಕಲ್ಲಿನ ಹಿಟ್ಟು ಕಲಸಿದ ನೀರು, ಒಂದು ಗೇಣು ಕೆಳಗೂ ಏನೂ ಕಾಣದು. ಇದರೊಳಗೆ ಚಿನೂಕ್ ಸಾಲ್ಮನ್ ಏನೂ ತಿನ್ನದೆ, ಕಡಲಲ್ಲಿ ತುಂಬಿಕೊಂಡ ಕೊಬ್ಬನ್ನೇ ಉರಿಸುತ್ತಾ, ದಿನಕ್ಕೆ ಸುಮಾರು 50 ಕಿ.ಮೀ. ಲೆಕ್ಕದಲ್ಲಿ ಹುಟ್ಟಿದ ತೊರೆಗೆ ಏರಿಹೋಗುತ್ತದೆ. ಮೊಟ್ಟೆಯಿಟ್ಟು ಸಾಯುತ್ತದೆ. ಅಷ್ಟು ದೂರದ ದಾರಿಗೆ ಕಟ್ಟಿಕೊಂಡ ಬುತ್ತಿಯಾದ್ದರಿಂದಲೇ ಯೂಕಾನ್ ಚಿನೂಕ್ ಅಷ್ಟು ಎಣ್ಣೆಯ, ಅಷ್ಟು ರುಚಿಯ ಮೀನು. ಅಲ್ಲಿಯವರು ಅದನ್ನು ಕಿಂಗ್ ಅಂತಲೇ ಕರೆಯುತ್ತಾರೆ.

ನದಿಯ ಬಾಯಿಂದ ಸುಮಾರು 200 ಕಿ.ಮೀ. ಮೇಲೆ ಪೈಲಟ್ ಸ್ಟೇಷನ್ ಅನ್ನುವ ಹಳ್ಳಿ. ಅಲ್ಲಿ ದಡದಿಂದ ನೀರಿನೊಳಕ್ಕೆ ಸೋನಾರ್ ಬಿಡುತ್ತಾರೆ. ಶಬ್ದದ ಅಲೆ ಮೀನಿಗೆ ಬಡಿದು ವಾಪಸ್ ಬಂದರೆ ಒಂದು ಎಣಿಕೆ. ಸೆಳೆತ ಕಡಿಮೆ ಅಂತ ಸಾಲ್ಮನ್‌ಗಳು ಹೆಚ್ಚಾಗಿ ದಡದ ಹತ್ತಿರವೇ ಸಾಗುತ್ತವೆ, ಅದು ಎಣಿಸುವವರ ಅದೃಷ್ಟ. ಆದರೆ ಸೋನಾರ್‌ಗೆ ಮೀನು ಗೊತ್ತಾಗುತ್ತದೆ, ಯಾವ ಮೀನು ಅನ್ನುವುದು ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಪಕ್ಕದಲ್ಲೇ ಬೇರೆಬೇರೆ ಕಣ್ಣಿನ ಬಲೆ ಬಿಟ್ಟು, ಯಾವ ಜಾತಿ ಎಷ್ಟು ಪಾಲು ಅಂತ ನೋಡಿ ಒಟ್ಟು ಎಣಿಕೆಯನ್ನು ಹಂಚುತ್ತಾರೆ. ಗಡಿಯ ಹತ್ತಿರ ಈಗಲ್ ಎಂಬಲ್ಲಿ ಇನ್ನೊಂದು ಸೋನಾರ್. ಅಷ್ಟೇ ಅಲ್ಲ, ಹುರುಪೆಯಲ್ಲಿ ಮರದ ಉಂಗುರದಂತೆ ಗೆರೆ ಇರುತ್ತವೆ, ಅದರಿಂದ ವಯಸ್ಸು. ಒಂದು ಚೂರು ರೆಕ್ಕೆ ಕತ್ತರಿಸಿದರೆ ಅದರ ಡಿಎನ್ಎಯಿಂದ ಯಾವ ಕಡೆಯ ತೊರೆಯದ್ದು ಅನ್ನುವುದು.

ಈ ಎಣಿಕೆ ಎಲ್ಲ ಯಾಕೆ? ಮೊದಲ ಪಾಲು ನದಿಗೆ. ಬಲೆ, ಗಾಳ, ಕರಡಿ ಎಲ್ಲದರಿಂದ ತಪ್ಪಿಸಿಕೊಂಡು ತೊರೆ ಮುಟ್ಟಿ ಮೊಟ್ಟೆ ಇಡಬೇಕಾದ ಮೀನು ಇಷ್ಟು ಅಂತ ಗುರಿ ಇಟ್ಟುಕೊಳ್ಳುತ್ತಾರೆ. ಬಿತ್ತನೆಯ ಬೀಜ ತೆಗೆದಿಟ್ಟು ಉಳಿದದ್ದನ್ನು ಉಣ್ಣುವ ರೈತನ ಲೆಕ್ಕ. ಬೀಜದ ಪಾಲು ತೆಗೆದ ಮೇಲೆ ಉಳಿದದ್ದು ಯಾರಿಗೆ? ಜಗಳ ಇಲ್ಲಿಂದ ಶುರು.

ಅಲಾಸ್ಕಾದ ಕಾನೂನಿನಲ್ಲಿ ಸಾಲು ಸ್ಪಷ್ಟವಾಗಿದೆ. ಮನೆಖರ್ಚಿಗೆ ಹಿಡಿಯುವವರು ಮೊದಲು. ಮೀನು ಕಡಿಮೆ ಅಂತಾದರೆ ಹವ್ಯಾಸದ ಗಾಳ, ಮಾರಾಟದ ಬಲೆ ಮೊದಲು ನಿಲ್ಲಬೇಕು. ಇದು ನ್ಯಾಯ ಅಂತ ನನಗೆ ಪೂರ್ತಿ ಅನ್ನಿಸುತ್ತದೆ. ಬೆಥೆಲ್‌ನಂಥ ದೊಡ್ಡ ಊರಿಗೂ ಹೊರಗಿನ ರಸ್ತೆ ಇಲ್ಲ. ಅಂಗಡಿಯ ಹಾಲು, ತರಕಾರಿ ವಿಮಾನದಲ್ಲಿ ಬರಬೇಕು, ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಇಷ್ಟಾಗಿ, ಅಲಾಸ್ಕಾದಲ್ಲಿ ಹಿಡಿಯುವ ಒಟ್ಟು ಮೀನು, ಬೇಟೆಯಲ್ಲಿ ಮನೆಖರ್ಚಿಗೆ ಹೋಗುವುದು ನೂರರಲ್ಲಿ ಒಂದು ಪಾಲು ಮಾತ್ರ.

ಆದರೆ ಮನೆಖರ್ಚಿನವರು ಅಂದರೆ ಯಾರು? 1980ರ ಕೇಂದ್ರ ಸರ್ಕಾರದ ಕಾಯ್ದೆ, ಹಳ್ಳಿಯವರಿಗೆ ಮೊದಲ ಹಕ್ಕು ಅಂದಿತು. ನೀರು, ಮೀನು ಎಲ್ಲರ ಸೊತ್ತು ಅಂತ ಅಲಾಸ್ಕಾದ ಸಂವಿಧಾನದಲ್ಲಿದೆ, ಹಳ್ಳಿ ಪೇಟೆ ಅಂತ ಭೇದ ಮಾಡುವಂತಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು. ಅಲ್ಲಿಂದ ಎರಡು ಸರ್ಕಾರ, ಎರಡು ನಿಯಮ. ಕೇಟಿ ಜಾನ್ ಅನ್ನುವ ಆಟ್ನಾ ಬುಡಕಟ್ಟಿನ ಅಜ್ಜಿಗೆ ತಮ್ಮ ಹಿರಿಯರು ಮೀನು ಹಿಡಿಯುತ್ತಿದ್ದ ಬ್ಯಾಟ್ಜುಲ್ನೆಟಾಸ್ ಜಾಗ ವಾಪಸ್ ಬೇಕಿತ್ತು. 1964ರಲ್ಲಿ ಅದನ್ನು ಮುಚ್ಚಿದ್ದರು. 1985ರಲ್ಲಿ ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಫಲವಾಗಿ 1999ರ ಅಕ್ಟೋಬರ್‌ನಿಂದ ಕೇಂದ್ರದ ಜಾಗದಲ್ಲಿ ಹರಿಯುವ ನದಿಗಳ ಮನೆಖರ್ಚಿನ ಮೀನುಗಾರಿಕೆಯನ್ನು ಕೇಂದ್ರವೇ ನೋಡಿಕೊಳ್ಳತೊಡಗಿತು. ನದಿಯ ಒಂದು ತಿರುವಿನಲ್ಲಿ ಒಬ್ಬರ ಮಾತು, ಮುಂದಿನ ತಿರುವಿನಲ್ಲಿ ಇನ್ನೊಬ್ಬರ ಮಾತು. ಬಲೆ ಹಿಡಿದು ದೋಣಿಯಲ್ಲಿ ಕೂತವರಿಗೆ ಇದು ಎಷ್ಟು ಗೊಂದಲ ಅಂತ ಯೋಚಿಸಿ.

2012ರ ಜೂನ್‌ನಲ್ಲಿ ಕಸ್ಕೊಕ್ವಿಮ್ ನದಿಯಲ್ಲಿ ಚಿನೂಕ್ ಕಡಿಮೆ ಬಂತು, ಬಲೆ ಬಿಡಬೇಡಿ ಅಂತ ಆದೇಶವಾಯಿತು. ಅದು ಮೀನು ಒಣಗಿಸುವ ಕಾಲ. ಮಳೆ ಶುರುವಾದರೆ, ನೊಣ ಬಂದರೆ ಒಣಮೀನು ಕೆಡುತ್ತದೆ. ಇಪ್ಪತ್ತಕ್ಕೂ ಹೆಚ್ಚು ಯೂಪಿಕ್ ಬೆಸ್ತರು ಬಲೆ ಬಿಟ್ಟರು, ಕೇಸು ಹಾಕಿಸಿಕೊಂಡರು. ಮೀನು ಹಿಡಿಯುವುದು ನಮ್ಮ ಧರ್ಮ ಅಂತ ಕೋರ್ಟಿನಲ್ಲಿ ಹೇಳಿದರು. ಅವರ ನಂಬಿಕೆ ಪ್ರಾಮಾಣಿಕ ಅಂತ ಕೋರ್ಟು ಒಪ್ಪಿತು, ಆದರೂ ಮೀನು ಉಳಿಸುವುದು ಮುಖ್ಯ ಅಂತ ತೀರ್ಪು ಕೊಟ್ಟಿತು. 2015ರಲ್ಲಿ ಆ ನದಿಯ ಬುಡಕಟ್ಟುಗಳು ಸೇರಿ ತಮ್ಮದೇ ಮೀನು ಆಯೋಗ ಕಟ್ಟಿಕೊಂಡವು. ಈಗ ಕೇಂದ್ರದ ಅಧಿಕಾರಿಗಳ ಜೊತೆ ಕೂತು, ಯಾವ ದಿನ ಎಷ್ಟು ಗಂಟೆ ಬಲೆ ಬಿಡಬಹುದು ಅಂತ ಅವರೂ ನಿರ್ಧರಿಸುತ್ತಾರೆ. ಗಮನಿಸಬೇಕಾದದ್ದು ಏನೆಂದರೆ, ನದಿಗೆ ಇನ್ನೂ ಜಾಸ್ತಿ ಮೀನು ಬಿಡೋಣ ಅಂತ ಎಷ್ಟೋ ಸಲ ಹೇಳಿದವರು ಈ ಆಯೋಗದವರೇ.

ಎಣಿಕೆಯಲ್ಲಿ ಇನ್ನೊಂದು ತೊಡಕು ಇದೆ. ಒಂದು ಮೀನು ಅಂದರೆ ಒಂದೇ ಮೀನು ಅಲ್ಲ. ಅಲಾಸ್ಕಾದಲ್ಲಿ ಅರವತ್ತು ವರ್ಷ ಅಳತೆ ಮಾಡಿದ ಸುಮಾರು 1.25 ಕೋಟಿ ಸಾಲ್ಮನ್‌ಗಳ ಲೆಕ್ಕವನ್ನು ಸಂಶೋಧಕರು 2020ರಲ್ಲಿ ಒಟ್ಟುಮಾಡಿ ನೋಡಿದರು. 1990ಕ್ಕೂ ಹಿಂದಿನ ಕಾಲಕ್ಕೆ ಹೋಲಿಸಿದರೆ ಚಿನೂಕ್ ಉದ್ದದಲ್ಲಿ ನೂರಕ್ಕೆ 8ರಷ್ಟು ಕುಗ್ಗಿತ್ತು. ಕೇಳಲು ಚಿಕ್ಕ ಸಂಖ್ಯೆ. ಆದರೆ ಮೊಟ್ಟೆಗಳು ನೂರಕ್ಕೆ 16 ಕಡಿಮೆ, ಊಟದ ಲೆಕ್ಕದಲ್ಲಿ ನೂರಕ್ಕೆ 26 ಕಡಿಮೆ. ಮೀನುಗಳು ಮೊದಲಿಗಿಂತ ಬೇಗ, ಚಿಕ್ಕ ವಯಸ್ಸಿನಲ್ಲೇ ಕಡಲಿನಿಂದ ವಾಪಸ್ ಬರುತ್ತಿವೆ. ಸೋನಾರ್ ಹೋದ ವರ್ಷದಷ್ಟೇ ಮೀನು ಎಣಿಸಿದರೂ ತೊರೆಗೆ ಬೀಳುವ ಮೊಟ್ಟೆ ಕಡಿಮೆ. ದೊಡ್ಡ ಕಣ್ಣಿನ ಬಲೆ ದೊಡ್ಡ ಹೆಣ್ಣುಮೀನುಗಳನ್ನೇ ಆರಿಸಿ ಹಿಡಿಯುತ್ತದೆ. ಅದಕ್ಕೇ 2011ರಿಂದ ಯೂಕಾನ್‌ನಲ್ಲಿ ಬಲೆಯ ಕಣ್ಣು 7.5 ಇಂಚು ಮೀರಬಾರದು ಅಂತ ನಿಯಮ ಬಂತು.

ಇಷ್ಟೆಲ್ಲ ಮಾಡಿದರೂ ಯೂಕಾನ್ ಕೈಕೊಟ್ಟಿತು. 2019ರ ಬೇಸಿಗೆ ಎಷ್ಟು ಬಿಸಿಯಾಗಿತ್ತೆಂದರೆ, ಉಪನದಿ ಕೋಯುಕುಕ್‌ನಲ್ಲಿ ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡೇ ನೂರಾರು ಚಮ್ ಸಾಲ್ಮನ್ ಸತ್ತು ತೇಲಿದವು. 2021ರಲ್ಲಿ, ಸಾಮಾನ್ಯವಾಗಿ ಹತ್ತು ಲಕ್ಷ ದಾಟುವ ಬೇಸಿಗೆಯ ಚಮ್ ಎರಡು ಲಕ್ಷವೂ ಬರಲಿಲ್ಲ. ಸಾಲ್ಮನ್ ಹಿಡಿಯುವುದು ಪೂರ್ತಿ ಬಂದ್. ಅದೇ ವರ್ಷ ದಕ್ಷಿಣಕ್ಕಿರುವ ಬ್ರಿಸ್ಟಲ್ ಕೊಲ್ಲಿಗೆ ಆರು ಕೋಟಿಗೂ ಹೆಚ್ಚು ಸಾಕೈ ಸಾಲ್ಮನ್ ಬಂದವು. ನದಿ ದಡದಲ್ಲೇ ಹುಟ್ಟಿ ಬೆಳೆದವರಿಗೆ ಬೇರೆ ನದಿಯ ಮೀನನ್ನು ವಿಮಾನದಲ್ಲಿ ತಂದು ಹಂಚಿದರು. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು.

ಅದೇ ವರ್ಷ ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಅನ್ನುವ ಮೀನು ಹಿಡಿಯುವ ದೊಡ್ಡ ಹಡಗುಗಳ ಬಲೆಗೆ ಐದು ಲಕ್ಷಕ್ಕೂ ಹೆಚ್ಚು ಚಮ್ ಸುಮ್ನೆ ಸಿಕ್ಕಿಹಾಕಿಕೊಂಡು ಹೋದವು. ಡಿಎನ್ಎ ಪರೀಕ್ಷೆಯ ಪ್ರಕಾರ ಅವುಗಳಲ್ಲಿ ಪಶ್ಚಿಮ ಅಲಾಸ್ಕಾದ ನದಿಗಳವು ಸುಮಾರು ಹತ್ತರಲ್ಲಿ ಒಂದು ಪಾಲು. ಬಹುಪಾಲು ಏಷ್ಯಾದ ಕಡೆಯವು, ಅದರಲ್ಲೂ ಮರಿಕೇಂದ್ರಗಳಿಂದ ಬಿಟ್ಟವು. ಆದ್ದರಿಂದ ಹಡಗುಗಳೇ ಎಲ್ಲಕ್ಕೂ ಕಾರಣ ಅನ್ನಲು ಬರುವುದಿಲ್ಲ. ಬಿಸಿಯೇರಿದ ಕಡಲಿನಲ್ಲಿ ಮರಿಮೀನುಗಳಿಗೆ ಕೊಬ್ಬಿಲ್ಲದ ಲೋಳೆಮೀನಿನಂಥ ಆಹಾರವೇ ಸಿಕ್ಕದ್ದು ದೊಡ್ಡ ಕಾರಣ ಅಂತ ವಿಜ್ಞಾನಿಗಳು ಹೇಳುತ್ತಾರೆ. ಆದರೂ ಒಂದು ಮಾತು ಹೇಳಲೇಬೇಕು. ಹಳ್ಳಿಯಲ್ಲಿ ಅಜ್ಜಿ ಒಂದು ಮೀನನ್ನೂ ಹಿಡಿಯುವಂತಿಲ್ಲ ಅನ್ನುವ ವರ್ಷ ಕಡಲಿನ ಹಡಗು ನಿಲ್ಲದೆ ಓಡಿದರೆ, ಮನೆಖರ್ಚಿಗೆ ಮೊದಲ ಪಾಲು ಅನ್ನುವ ಕಾನೂನು ನದಿಯ ಬಾಯಿಗೇ ಮುಗಿದುಹೋಗುತ್ತದೆ. ಅದು ಸರಿಯಲ್ಲ.

2022ರಲ್ಲಿ ಗಡಿ ದಾಟಿ ಕೆನಡಾ ಸೇರಿದ ಚಿನೂಕ್ ಸುಮಾರು 12,000. ಎರಡು ದೇಶಗಳ ಒಪ್ಪಂದದ ಪ್ರಕಾರ ಕನಿಷ್ಠ 42,500 ದಾಟಬೇಕಿತ್ತು. 2024ರ ಏಪ್ರಿಲ್‌ನಲ್ಲಿ ಅಲಾಸ್ಕಾ ಮತ್ತು ಕೆನಡಾ ಸೇರಿ ಏಳು ವರ್ಷ ಯೂಕಾನ್‌ನ ಚಿನೂಕ್ ಹಿಡಿಯುವುದನ್ನು ನಿಲ್ಲಿಸಲು ಒಪ್ಪಿದವು. ಏಳು ವರ್ಷ ಅಂದರೆ ಒಂದು ಚಿನೂಕ್‌ನ ಪೂರ್ತಿ ಬದುಕು. ಗಡಿಯಲ್ಲಿ 71,000 ಮೀನು ದಾಟಬೇಕು ಅನ್ನುವುದು ಹೊಸ ಗುರಿ.

ನದಿ ದಡದಲ್ಲಿ ಮೀನಿಗೆ ಹೊಗೆ ಹಾಕಿ ಒಣಗಿಸುವ ಹೊಗೆಮನೆಗಳು ಈಗ ಬಹುಪಾಲು ಖಾಲಿ. 2024ರಲ್ಲಿ ಐದು ವರ್ಷವಿದ್ದ ಮಗು, ಮತ್ತೆ ಕಿಂಗ್ ಹಿಡಿಯುವ ಹೊತ್ತಿಗೆ ಹನ್ನೆರಡು ದಾಟಿರುತ್ತದೆ. ಮೀನಿನ ಬೆನ್ನಿನ ಉದ್ದಕ್ಕೆ ಚಾಕು ಎಲ್ಲಿ ಇಡಬೇಕು, ಪಟ್ಟಿ ಎಷ್ಟು ತೆಳು ಇರಬೇಕು, ಯಾವ ಕಟ್ಟಿಗೆಯ ಹೊಗೆ ಅನ್ನುವುದನ್ನು ಕೈಯಿಂದ ಕೈಗೆ ಕಲಿಯಬೇಕು. ಸಾಲ್ಮನ್ ಬಂದ್ ಇದ್ದರೂ ನಾಲ್ಕು ಇಂಚು ಕಣ್ಣಿನ ಗಿಡ್ಡ ಬಲೆಯಲ್ಲಿ ವೈಟ್‌ಫಿಶ್ ಹಿಡಿಯಲು ಅವಕಾಶ ಕೊಡುತ್ತಾರೆ. ಆ ಚಿಕ್ಕ ಮೀನಿನ ಮೇಲೆ ಚಾಕು ಹಿಡಿಯುವುದನ್ನು ಮಕ್ಕಳಿಗೆ ಹೇಳಿಕೊಡಬಹುದು.