ಟೆಲಿಪೋರ್ಟೇಷನ್: ಬಸವನಹುಳುಗಳ ಮಳೆಯಿಂದ ಬಂದ ಪದ

ಟೆಲಿಪೋರ್ಟೇಷನ್, ಅಂದರೆ ಒಂದೆಡೆ ಮಾಯವಾಗಿ ಇನ್ನೊಂದೆಡೆ ಪ್ರತ್ಯಕ್ಷವಾಗುವುದು, ಎಂದ ಕೂಡಲೇ ದುಂಡನೆಯ ವೇದಿಕೆ, ಮಿನುಗುವ ಬೆಳಕು, ಅದರೊಳಗೆ ಕರಗಿಹೋಗುವ ಮನುಷ್ಯ ಇವೇ ಕಣ್ಣಿಗೆ ಕಟ್ಟುತ್ತವೆ. ಈ ಪದವನ್ನು ಚಲಾವಣೆಗೆ ಬಿಟ್ಟವನ ತಲೆಯಲ್ಲಿ ಮಾತ್ರ ಯಂತ್ರದ ಸುಳಿವೂ ಇರಲಿಲ್ಲ. ಆತ ವಿಜ್ಞಾನಿಯಲ್ಲ, ವಿಜ್ಞಾನಿಗಳ ಕಾಲೆಳೆಯುವುದನ್ನೇ ಕಸುಬು ಮಾಡಿಕೊಂಡಿದ್ದ ಅಮೆರಿಕದ ಲೇಖಕ ಚಾರ್ಲ್ಸ್ ಫೋರ್ಟ್.

ಕಲ್ಪನೆ ಫೋರ್ಟ್‌ಗಿಂತ ಹಳೆಯದು. 1876ರಲ್ಲಿ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದ. ದನಿಯೇ ತಂತಿಯಲ್ಲಿ ಹೋಗುವುದಾದರೆ ದೇಹವೇಕೆ ಹೋಗಬಾರದು? ಮರುವರ್ಷವೇ ನ್ಯೂಯಾರ್ಕಿನ ‘ದಿ ಸನ್’ ಪತ್ರಿಕೆಯಲ್ಲಿ ಎಡ್ವರ್ಡ್ ಪೇಜ್ ಮಿಚೆಲ್ ಬರೆದ ಕಥೆಯೊಂದು ಬಂತು. ಅದರ ಪ್ರೊಫೆಸರ್ ಮೊದಲು ಬೆಕ್ಕನ್ನು ತಂತಿಯ ಮೂಲಕ ಕಳಿಸುತ್ತಾನೆ, ಆಮೇಲೆ ತಾನೇ ಹೊರಡುತ್ತಾನೆ. ಅರ್ಧದಾರಿಯಲ್ಲಿ ಬ್ಯಾಟರಿ ಕೈಕೊಡುತ್ತದೆ. ಆ ತುದಿಗೆ ತಲುಪುವುದು ತಲೆ ಮಾತ್ರ! ಆ ಯಂತ್ರಕ್ಕೆ ಮಿಚೆಲ್ ಇಟ್ಟ ಹೆಸರು ‘ಟೆಲಿಪೊಂಪ್’. ಸದ್ಯ, ಅದು ಬಳಕೆಗೆ ಬರಲಿಲ್ಲ. 1878ರ ಪತ್ರಿಕೆಗಳಲ್ಲಿ ‘ಟೆಲಿಪೋರ್ಟ್’ ಎಂಬ ರೂಪವೂ ತಲೆಹಾಕಿತ್ತು, ಆದರೆ ಬೇರೂರಲಿಲ್ಲ.

ಇನ್ನು ಫೋರ್ಟ್ ವಿಷಯ. 1874ರಲ್ಲಿ ಆಲ್ಬನಿಯಲ್ಲಿ ಹುಟ್ಟಿದ ಈತನಿಗೆ ನಲವತ್ತು ದಾಟಿದ ಮೇಲೆ ಚಿಕ್ಕಪ್ಪನ ಆಸ್ತಿ ಬಂತು, ಹೊಟ್ಟೆಪಾಡಿನ ಚಿಂತೆ ಕಳೆಯಿತು. ಅಲ್ಲಿಂದಾಚೆಗೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗಳಲ್ಲಿ ಕೂತು ಹಳೆಯ ಪತ್ರಿಕೆಗಳನ್ನೂ ವಿಜ್ಞಾನ ನಿಯತಕಾಲಿಕಗಳನ್ನೂ ಜಾಲಾಡುವುದೇ ಕೆಲಸ. ಕಪ್ಪೆ ಮಳೆ, ಮೀನು ಮಳೆ, ಇದ್ದಕ್ಕಿದ್ದಂತೆ ನಾಪತ್ತೆಯಾದವರು, ಮುಚ್ಚಿದ ಕೋಣೆಯಲ್ಲಿ ಎಲ್ಲಿಂದಲೋ ಬೀಳುವ ಕಲ್ಲು ಹೀಗೆ ಯಾರೂ ಸರಿಯಾಗಿ ವಿವರಿಸದ ಸಂಗತಿಗಳನ್ನೆಲ್ಲ ಚೀಟಿಗಳಲ್ಲಿ ಗೀಚಿ ಪೆಟ್ಟಿಗೆಗಳಲ್ಲಿ ತುಂಬಿಡುತ್ತಿದ್ದ. ಅಂಥ ಚೀಟಿಗಳು ಸಾವಿರಾರು.

1931ರ ‘ಲೋ!’ ಪುಸ್ತಕದಲ್ಲಿ ಒಂದು ಪ್ರಸಂಗವನ್ನು ಹಿಡಿದು ಆತ ಬಿಡುವುದೇ ಇಲ್ಲ. 1881ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ವುಸ್ಟರ್ ಊರಿನಲ್ಲಿ ಗುಡುಗು-ಮಳೆಯ ನಡುವೆ ಕಡಲಿನ ಬಸವನಹುಳುಗಳು ರಾಶಿ ರಾಶಿಯಾಗಿ ಬಿದ್ದವು. ವುಸ್ಟರ್‌ಗೆ ಕಡಲು ಹತ್ತಿರವಿಲ್ಲ. ಯಾರೋ ಮೀನು ವ್ಯಾಪಾರಿ ಮಾರಾಟವಾಗದ ಸರಕನ್ನು ಸುರಿದು ಹೋಗಿರಬೇಕು ಎಂಬ ಸಮಜಾಯಿಷಿ ಬಂತು. ಫೋರ್ಟ್ ಇದನ್ನೇ ಎತ್ತಿಕೊಂಡು ಆಡಿಸುತ್ತಾನೆ: ಹಾಗಾದರೆ ಈ ಹುಚ್ಚು ವ್ಯಾಪಾರಿ ಹಾಡಹಗಲಲ್ಲಿ ಗಾಡಿಗಳ ಸಾಲನ್ನೇ ಕರೆತಂದು, ಆಳುಗಳನ್ನಿಟ್ಟು, ರಸ್ತೆಗೂ ತೋಟಗಳಿಗೂ ಹುಳು ಎರಚಿಸಿದನೇ, ಒಬ್ಬರ ಕಣ್ಣಿಗೂ ಬೀಳದೆ? ವಾದ ಎಷ್ಟೇ ಎಡವಟ್ಟಾಗಿರಲಿ, ಗೇಲಿ ಮಾತ್ರ ಸೊಗಸಾಗಿದೆ.

ಆತನ ಉತ್ತರ ಇನ್ನೂ ವಿಚಿತ್ರ. ವಸ್ತುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಶಕ್ತಿಯೊಂದು ಪ್ರಕೃತಿಯಲ್ಲೇ ಇದೆ, ಅದನ್ನು ಟೆಲಿಪೋರ್ಟೇಷನ್ ಎಂದು ಕರೆಯುತ್ತೇನೆ ಎಂದ. ಹಿಂದೊಮ್ಮೆ ಜೀವಿಗಳನ್ನು ಭೂಮಿಯ ತುಂಬ ಹಂಚಿದ ಆ ಶಕ್ತಿ ಈಗ ಮುಪ್ಪಾಗಿ ಆಗಾಗ ಎಡವಟ್ಟು ಮಾಡುತ್ತಿದೆಯಂತೆ. ಇಷ್ಟು ಹೇಳಿದ ಮನುಷ್ಯ, ತಾನು ಯಾವುದನ್ನೂ ನಂಬುವವನಲ್ಲ ಎಂದೂ ಸಾರಿದ. ಮರುವರ್ಷವೇ ತೀರಿಕೊಂಡ.

ಪದ ಅಲ್ಲಿಗೇ ಸಾಯಬಹುದಿತ್ತು. ಉಳಿಸಿದ್ದು ಅಗ್ಗದ ಕಾಗದದ ಕಥಾ ಪತ್ರಿಕೆ. 1934ರಲ್ಲಿ ‘ಅಸ್ಟೌಂಡಿಂಗ್ ಸ್ಟೋರೀಸ್’ ಈ ಪುಸ್ತಕವನ್ನೇ ಧಾರಾವಾಹಿಯಾಗಿ ಅಚ್ಚು ಹಾಕಿತು. ವಿಜ್ಞಾನಕಥೆ ಬರೆಯುವವರೂ ಬರೆಯಬೇಕೆಂದು ಹಂಬಲಿಸುವವರೂ ಓದುತ್ತಿದ್ದ ಪತ್ರಿಕೆ ಅದು. ಪದ ಅವರ ಕೈಗೆ ಸಿಕ್ಕಿತು. 1956ರಲ್ಲಿ ಆಲ್ಫ್ರೆಡ್ ಬೆಸ್ಟರ್ ತನ್ನ ಕಾದಂಬರಿಯಲ್ಲಿ ಮನೋಬಲದಿಂದ ಜಿಗಿಯುವ ಕ್ರಿಯೆಗೆ ‘ಜಾಂಟ್’ ಎಂದು ಹೊಸ ಹೆಸರಿಟ್ಟ. ಕಥೆಯಲ್ಲಿ ಅದು ಮೈಗೆ ಬೆಂಕಿ ಹತ್ತಿ ಕೂಗಿಕೊಂಡ ಸಂಶೋಧಕ ತಟ್ಟನೆ ಎಪ್ಪತ್ತು ಅಡಿ ಆಚೆಗಿದ್ದ ಅಗ್ನಿಶಾಮಕದ ಬಳಿ ನಿಂತಾಗ ಪತ್ತೆಯಾದದ್ದು. ಆ ಸಂಶೋಧಕನ ಪೂರ್ತಿ ಹೆಸರು ಚಾರ್ಲ್ಸ್ ಫೋರ್ಟ್ ಜಾಂಟ್. ಋಣಸಂದಾಯ ಎಂದರೆ ಇದು.

ಯಂತ್ರದ ಚಿತ್ರವನ್ನು ಮನೆಮನೆಗೆ ತಲುಪಿಸಿದ್ದು 1966ರ ಅಮೆರಿಕದ ಟಿವಿ ಸರಣಿ ‘ಸ್ಟಾರ್ ಟ್ರೆಕ್’. ಕಾರಣ ದುಡ್ಡು: ಪ್ರತಿ ವಾರ ಬಾಹ್ಯಾಕಾಶ ಹಡಗನ್ನು ಒಂದೊಂದು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ಬಜೆಟ್ ಇರಲಿಲ್ಲ. ಆ ಯಂತ್ರಕ್ಕೆ ಅವರಿಟ್ಟ ಹೆಸರು ‘ಟ್ರಾನ್ಸ್‌ಪೋರ್ಟರ್’. ‘ಬೀಮ್ ಮಿ ಅಪ್, ಸ್ಕಾಟಿ’ (ನನ್ನನ್ನು ಮೇಲಕ್ಕೆ ಸೆಳೆದುಕೋ, ಸ್ಕಾಟಿ) ಎಂಬ ಜಗತ್ಪ್ರಸಿದ್ಧ ಸಂಭಾಷಣೆ ಆ ಮೂಲ ಸರಣಿಯಲ್ಲಿ ಅದೇ ರೂಪದಲ್ಲಿ ಒಮ್ಮೆಯೂ ಬರುವುದಿಲ್ಲ.

ಇಷ್ಟಾದ ಮೇಲೆ ಪದವನ್ನು ಕೈಗೆತ್ತಿಕೊಂಡವರು ಯಾರು? ಫೋರ್ಟ್ ಜೀವನವಿಡೀ ಹಂಗಿಸಿದ ಭೌತವಿಜ್ಞಾನಿಗಳೇ! 1993ರಲ್ಲಿ ಚಾರ್ಲ್ಸ್ ಬೆನೆಟ್, ಆಶರ್ ಪೆರೆಸ್ ಸೇರಿ ಆರು ಮಂದಿ ‘ಕ್ವಾಂಟಂ ಟೆಲಿಪೋರ್ಟೇಷನ್’ ಪ್ರಬಂಧ ಪ್ರಕಟಿಸಿದರು. ಗ್ರೀಕ್‌ ತಲೆಗೆ ಲ್ಯಾಟಿನ್ ಬಾಲ ಜೋಡಿಸಿದ ಹೆಸರೇಕೆ, ‘ಟೆಲಿಫೆರೆಸಿಸ್’ ಎನ್ನೋಣ ಎಂಬ ಮಾತೂ ತಂಡದೊಳಗೆ ಬಂದಿತ್ತು. ಗೆದ್ದದ್ದು ಕಥೆಗಳಲ್ಲಿ ಪಳಗಿದ ಪದವೇ.

ಆದರೆ ಇಲ್ಲಿ ಸಾಗುವುದು ವಸ್ತುವಲ್ಲ, ಒಂದು ಕಣದ ಕ್ವಾಂಟಂ ಸ್ಥಿತಿ, ಅಂದರೆ ಅದರ ಗುಣಲಕ್ಷಣಗಳ ಪೂರ್ತಿ ವಿವರ. ಎಷ್ಟೇ ದೂರವಿದ್ದರೂ ಒಂದರ ಅಳತೆ ಇನ್ನೊಂದರ ಅಳತೆಗೆ ತಾಳೆಯಾಗುವಂತೆ ಪರಸ್ಪರ ಹೆಣೆದುಕೊಂಡ ಎರಡು ಕಣಗಳಲ್ಲಿ ಒಂದೊಂದು ಒಂದೊಂದು ಕಡೆ ಇರಬೇಕು. ಕಳಿಸಬೇಕಾದ ಕಣವನ್ನು ಈ ತುದಿಯ ಜೋಡಿಗಣದ ಜತೆ ಸೇರಿಸಿ ಅಳೆಯುತ್ತಾರೆ. ಅಳೆದ ಕ್ಷಣವೇ ಅದರ ಮೂಲಸ್ಥಿತಿ ಅಳಿಯುತ್ತದೆ. ಅಳತೆಯ ಫಲಿತಾಂಶವಾದ, ಸೊನ್ನೆ ಅಥವಾ ಒಂದು ಎಂಬಂಥ ಎರಡು ಬಿಟ್‌ ಮಾಹಿತಿ ಬಂದ ಮೇಲೆ ಆ ತುದಿಯವರು ತಮ್ಮ ಕಣವನ್ನು ತಕ್ಕಂತೆ ತಿದ್ದಿದರೆ ಅದೇ ಸ್ಥಿತಿ ಅಲ್ಲಿ ಸಿದ್ಧ. 1997ರಲ್ಲಿ ಆಂಟನ್ ಝೈಲಿಂಗರ್ ತಂಡ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಇದನ್ನು ಫೋಟಾನುಗಳ (ಬೆಳಕಿನ ಕಣಗಳ) ಮೇಲೆ ಮಾಡಿ ತೋರಿಸಿತು. 2017ರಲ್ಲಿ ಚೀನೀ ವಿಜ್ಞಾನಿಗಳು ಟಿಬೆಟ್‌ನ ನೆಲದಿಂದ 1,400 ಕಿ.ಮೀ.ವರೆಗಿನ ದೂರದಲ್ಲಿದ್ದ ಉಪಗ್ರಹಕ್ಕೆ ಫೋಟಾನಿನ ಸ್ಥಿತಿಯನ್ನು ಕಳಿಸಿದರು. ಅಂಥ ಸುದ್ದಿ ಬಂದಾಗಲೆಲ್ಲ ‘ಇನ್ನು ಮನುಷ್ಯರ ಸರದಿ’, ‘ಬೆಳಕಿಗಿಂತ ವೇಗ’ ಎಂಬ ತಲೆಬರಹಗಳು ಏಳುತ್ತವೆ. ಆದರೆ ಆ ಎರಡು ಬಿಟ್‌ಗಳು ರೇಡಿಯೋದಲ್ಲೋ ಕೇಬಲ್ಲಿನಲ್ಲೋ ಎಲ್ಲ ಸಂದೇಶಗಳಂತೆಯೇ ಪಯಣಿಸಬೇಕು. ಬೆಳಕಿನ ವೇಗವನ್ನು ಅವೂ ಮೀರಲಾರವು, ಅವು ತಲುಪುವ ತನಕ ಆ ತುದಿಯವರ ಕೈಯಲ್ಲಿರುವ ಕಣದಿಂದ ಏನೂ ತಿಳಿಯುವುದಿಲ್ಲ.